ದುಃಖಕಾಲದ ಹದಿನೇಳನೆಯ ದಿನ

ಗುಮಾಸ್ತನ ಮನೆಯಲ್ಲಿ ಕನ್ನಡಿ ಇಲ್ಲದಿದ್ದರೂ ನಡೆದೀತು, ಕ್ಯಾಲೆಂಡರ್ ಇಲ್ಲದೆ ನಡೆಯದು ಎಂದು ನಮ್ಮ ಕಚೇರಿಯ ಹಿರಿಯರೊಬ್ಬರು ಹೇಳುವುದುಂಟು. ಮಾತು ಸುಳ್ಳಲ್ಲ. ರಜೆ ಎಷ್ಟು ಉಳಿದಿದೆ, ಬಡ್ತಿ ಯಾವ ತಿಂಗಳಿಗೆ, ಊರಿಗೆ ಹೋಗಲು ರೈಲಿನ ಟಿಕೇಟು ಯಾವ ದಿನ ತೆಗೆಸಬೇಕು, ಎಂದು ನಮ್ಮಂಥವರ ಆಶೆ ನಿರಾಶೆಗಳೆಲ್ಲ ಆ ಹನ್ನೆರಡು ಹಾಳೆಗಳೊಳಗೇ ಅಡಗಿರುತ್ತವೆ.

ನಮ್ಮ ತಂದೆಯವರಿಗೆ ಮಾತ್ರ ಕ್ಯಾಲೆಂಡರ್ ಎಂದರೆ ಬೇರೆಯೇ ಒಂದು ವಸ್ತುವಾಗಿತ್ತು. ಅವರು ಮಂಗಳೂರಿನಲ್ಲಿ ಅಚ್ಚಿನ ಮೊಳೆ ಜೋಡಿಸುವ ಕೆಲಸ ಕಲಿತು, ಚಿಕ್ಕ ವಯಸ್ಸಿನಲ್ಲೇ ಮುಂಬಯಿಗೆ ಬಂದು, ಒಂದು ಸಣ್ಣ ಮುದ್ರಣಾಲಯದಲ್ಲಿ ಕಣ್ಣು ಸವೆಸಿದವರು. ಪ್ರತಿ ಡಿಸೆಂಬರಿನ ಕೊನೆಯ ವಾರದಲ್ಲಿ ಹೊಸ ಕ್ಯಾಲೆಂಡರನ್ನು ಊಟದ ಮೇಜಿನ ಮೇಲೆ ಹರಡಿಕೊಂಡು, ನೀಲಿ ಪೆನ್ಸಿಲಿನಿಂದ ಹಬ್ಬಗಳನ್ನು ಬರೆಯುವರು. ಬೂದಿ ಬುಧವಾರ, ಗರಿಗಳ ಭಾನುವಾರ, ಶುಭ ಶುಕ್ರವಾರ, ಈಸ್ಟರ್, ಪೆಂತೆಕೊಸ್ತು, ಸುಗ್ಗಿಯ ಹಬ್ಬ ಎಲ್ಲವೂ ಕನ್ನಡದಲ್ಲಿ, ಅಚ್ಚಿನಂಥ ಅಕ್ಷರದಲ್ಲಿ. ಅವುಗಳ ನಡುವೆ ಊರಿನಲ್ಲಿ ತೀರಿಕೊಂಡ ಅಜ್ಜ ಅಜ್ಜಿಯರ ದಿನಗಳೂ ಇರುತ್ತಿದ್ದವು. ಈ ಪತ್ರಿಕೆಯ ವಾಚಕರೆಲ್ಲರೂ ಕ್ರೈಸ್ತರಲ್ಲವೆಂಬುದನ್ನು ಬಲ್ಲೆವು. ಆದರೆ ಪರಊರಿನಲ್ಲಿ ಸಂಸಾರ ಹೂಡಿದ ಯಾವ ಮನೆಯಲ್ಲಿ ಈ ಕೆಲಸ ಮಾಡುವವರೊಬ್ಬರು ಇಲ್ಲ? ಶ್ರಾದ್ಧದ ತಿಥಿ ನೆನಪಿಡುವ ಅಜ್ಜಿ, ಊರ ರಥೋತ್ಸವ ಯಾವ ದಿನವೆಂದು ಪತ್ರ ಬರೆದು ಕೇಳುವ ಮಾವ, ಎಲ್ಲ ಮನೆಗಳಲ್ಲೂ ಇರುತ್ತಾರೆ.

2020ನೆಯ ಇಸವಿಯ ಮಾರ್ಚ್ 25ಕ್ಕೆ ದೇಶಕ್ಕೆ ದೇಶವೇ ಬಾಗಿಲು ಹಾಕಿತು. ನಮ್ಮ ಕನ್ನಡ ಸಭೆಯ ಬಾಗಿಲಿಗೂ ಬೀಗ ಬಿತ್ತು. ಆ ವರ್ಷ ಏಪ್ರಿಲ್ 5ಕ್ಕೆ ಗರಿಗಳ ಭಾನುವಾರ, 12ಕ್ಕೆ ಈಸ್ಟರ್. ಈಸ್ಟರ್ ದಿನ ಆರಾಧನೆಗೆ ಹೋಗದೆ ಮನೆಯಲ್ಲಿ ಕುಳಿತದ್ದು ತಮ್ಮ ಆಯುಷ್ಯದಲ್ಲೇ ಮೊದಲೆಂದು ತಂದೆಯವರು ಹೇಳಿದರು. ಹಾಗೆಂದು ಸುಮ್ಮನಿರಲಿಲ್ಲ. ಬೆಳಗಿನ ಒಂಬತ್ತಕ್ಕೆ ಸರಿಯಾಗಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ನಮ್ಮನ್ನೆಲ್ಲ ಕೂಡಿಸಿ, ಸತ್ಯವೇದ ತೆರೆದರು. ನಮ್ಮ ಕೋಣೆ ಹತ್ತಡಿಗೆ ಹನ್ನೆರಡಡಿ. ಪಕ್ಕದ ಮನೆಯ ಟಿ.ವಿ.ಯ ಸದ್ದು, ಕೆಳಗೆ ಪೋಲೀಸು ಗಾಡಿಯ ಕೂಗು. ನಮ್ಮ ಮನಸ್ಸಂತೂ ಅಲ್ಲಿರಲಿಲ್ಲ. ಕಚೇರಿಯಿಂದ ಬಂದ ಸುತ್ತೋಲೆಯನ್ನು ಫೋನಿನಲ್ಲಿ ಕದ್ದು ನೋಡುತ್ತಿದ್ದೆವೆಂದು ಒಪ್ಪಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

ಜೂನಿನಲ್ಲಿ ತಂದೆಯವರು ತೀರಿಕೊಂಡರು. ಹೃದಯದ ಬೇನೆ ಹಳೆಯದು. ಆ ದಿನಗಳಲ್ಲಿ ಹಾಸಿಗೆ ಸಿಗುವುದಕ್ಕೆ ಎಷ್ಟು ಅಲೆಯಬೇಕಾಯಿತು ಎಂಬುದನ್ನು ಇಲ್ಲಿ ವಿಸ್ತರಿಸುವುದಿಲ್ಲ. ಮುಂಬಯಿಯಲ್ಲಿ ಅದನ್ನು ಕಾಣದ ಮನೆ ಕಡಿಮೆ. ಸಭಾಪಾಲಕರು ಇದ್ದ ಕಟ್ಟಡಕ್ಕೆ ಮೊಹರು ಹಾಕಿದ್ದರಿಂದ ಅವರು ಹೊರಗೆ ಬರುವಂತಿರಲಿಲ್ಲ. ಸಮಾಧಿಯ ಬಳಿ ನಾವು ಐದು ಜನ ನಿಂತೆವು. ಪ್ರಾರ್ಥನೆ ಹೇಳಬೇಕಾದವರು ನಾವು, ಹಿರಿಯ ಮಗ. ಕರ್ತನ ಪ್ರಾರ್ಥನೆಯನ್ನು ಕನ್ನಡದಲ್ಲಿ ಆರಂಭಿಸಿ, ಮೂರನೆಯ ಮಾತಿಗೆ ತಡವರಿಸಿ ನಿಂತುಬಿಟ್ಟೆವು. ವರ್ಷಗಳಿಂದ, ಸಮಯದ ಅನುಕೂಲಕ್ಕೆಂದು, ಮನೆಯ ಹತ್ತಿರದ ಇಂಗ್ಲಿಷ್ ಆರಾಧನೆಗೆ ಹೋಗುತ್ತಿದ್ದುದರ ಫಲ ಅದು. ಇಂಗ್ಲಿಷಿನಲ್ಲಾದರೂ ಹೇಳಬಹುದಿತ್ತು, ಆದರೆ ಮೊಳೆ ಮೊಳೆಯಾಗಿ ಕನ್ನಡ ಜೋಡಿಸಿದ ಮನುಷ್ಯನ ಮೇಲೆ ಮಣ್ಣು ಹಾಕುವಾಗ ಬಾಯಿ ಬರಲಿಲ್ಲ. ಆಗ ಅಮ್ಮ, ಮುಖಕ್ಕೆ ಕಟ್ಟಿದ ಬಟ್ಟೆಯೊಳಗಿನಿಂದಲೇ, ಪ್ರಾರ್ಥನೆಯನ್ನು ಮುಂದುವರಿಸಿದರು. ಅದು ಮುಗಿದ ಮೇಲೆ ಸಮಾಧಿಯ ಕ್ರಮವನ್ನೂ ಬಾಯಿಪಾಠವಾಗಿ ಹೇಳಿದರು. ಅಷ್ಟೆಲ್ಲ ಅವರಿಗೆ ಬರುತ್ತದೆಂದು ನಮಗೆ ಅಂದಿನವರೆಗೆ ಗೊತ್ತಿರಲಿಲ್ಲ.

ಆ ವರ್ಷದ ಡಿಸೆಂಬರ್ ಬಂತು. ಹೊಸ ಕ್ಯಾಲೆಂಡರ್ ಬಂತು. ಬರೆಯುವವರಿಲ್ಲ. ಅಮ್ಮನಿಗೆ ಕಣ್ಣು ಮಂಜು. ನೀಲಿ ಪೆನ್ಸಿಲನ್ನು ನಮ್ಮ ಮುಂದೆ ಇಟ್ಟು, “ನೀನೇ ಬರೆ, ಮಗಾ” ಎಂದರು.

ಕ್ರಿಸ್ಮಸ್ ಬರೆಯುವುದು ಸುಲಭ, ಅದು ಎಂದಿಗೂ 25. ಈಸ್ಟರ್ ಹಾಗಲ್ಲ, ಅದು ಚಂದ್ರನನ್ನು ಹಿಂಬಾಲಿಸುವ ಹಬ್ಬ. ಮಾರ್ಚ್ 21ರಂದೋ ಅದರ ನಂತರವೋ ಬರುವ ಮೊದಲ ಹುಣ್ಣಿಮೆ ಯಾವುದೋ ಅದಾದ ಮೇಲಿನ ಭಾನುವಾರವೇ ಈಸ್ಟರ್ ಎಂಬುದು ಸೂತ್ರ. ಅಲ್ಲಿಂದ ಹಿಂದಕ್ಕೆ 46 ದಿನ ಎಣಿಸಿದರೆ ಬೂದಿ ಬುಧವಾರ, ಅಂದರೆ ಯೇಸುಸ್ವಾಮಿಯ ಶ್ರಮೆಯನ್ನು ನೆನೆಯುವ ತಪಸ್ಸಿನ ಕಾಲದ ಮೊದಲ ದಿನ. ಫೋನಿನಲ್ಲಿ ನೋಡಿದರೆ ಅರೆ ನಿಮಿಷದ ಕೆಲಸವೆಂದು ವಾಚಕರು ನಗಬಹುದು. ತಂದೆಯವರು ಎಣಿಸಿಯೇ ಬರೆಯುತ್ತಿದ್ದರಾದ್ದರಿಂದ ನಾವೂ ಎಣಿಸಿದೆವು. 2021ರಲ್ಲಿ ಹೋಳಿ ಹುಣ್ಣಿಮೆ ಮಾರ್ಚ್ 28, ಅದೂ ಭಾನುವಾರ. ಸರಿ, ಅದೇ ಈಸ್ಟರ್ ಎಂದು ಬರೆದೇಬಿಟ್ಟೆವು. ಅಮ್ಮ ಕೇಳಿಸಿಕೊಂಡು, “ಹುಣ್ಣಿಮೆಯೇ ಭಾನುವಾರ ಬಿದ್ದರೆ ಅದರ ಮುಂದಿನ ಭಾನುವಾರ ಅಲ್ಲವೋ? ನಿನ್ನ ಅಪ್ಪ ಹಾಗೆ ಹೇಳುತ್ತಿದ್ದರು” ಎಂದರು. ಅಳಿಸಿ, ಏಪ್ರಿಲ್ 4ರ ಮೇಲೆ ಬರೆದೆವು. ಅದೇ ಸರಿಯಾದ ದಿನವಾಗಿತ್ತು.

ಇಷ್ಟೆಲ್ಲ ಮನೆಯ ಮಾತನ್ನು ಏಕೆ ತೆಗೆದೆವೆಂದರೆ, ಮುಂದೆ ಹೇಳಲಿರುವ ದೂರದ ಕಥೆಯ ಕೀಲು ಇಲ್ಲಿಯೇ ಇದೆ. ಆ ಕಥೆ ನಮಗೆ ಸಿಕ್ಕಿದ್ದು ವಸಯಿಯಲ್ಲಿ.

ಪಶ್ಚಿಮ ರೈಲ್ವೆಯ ವಿರಾರ್ ಲೋಕಲಿನಲ್ಲಿ ಹೋಗುವ ಕನ್ನಡಿಗರು ಸಾವಿರಾರು ಜನ. ವಸಯಿಯಲ್ಲಿ ಇಳಿದು ಕೋಟೆಯವರೆಗೆ ಹೋಗಿ ಬಂದವರು ಎಷ್ಟೋ ತಿಳಿಯದು. ಸಮುದ್ರದಂಚಿನ ಪೋರ್ತುಗೀಸರ ಆ ಕೋಟೆಯನ್ನು 1739ರಲ್ಲಿ ಚಿಮಾಜಿ ಅಪ್ಪನ ಮರಾಠಾ ಸೈನ್ಯ ಗೆದ್ದಿತು. ಈಗ ಒಳಗೆ ತಾಳೆಮರಗಳು, ಪಾಳುಬಿದ್ದ ಚರ್ಚುಗಳು, ಮದುವೆಗೆ ಮೊದಲು ಫೋಟೋ ತೆಗೆಸಿಕೊಳ್ಳುವ ಜೋಡಿಗಳು. ನಮ್ಮ ಕಚೇರಿಯಲ್ಲಿ ವಸಯಿಯ ಗೆಳೆಯರೊಬ್ಬರಿದ್ದಾರೆ. ಲಾಕ್‌ಡೌನ್ ಎಲ್ಲ ಮುಗಿದ ಮೇಲೆ ಒಂದು ಭಾನುವಾರ ಅವರು ನಮ್ಮನ್ನು ಸಂಸಾರ ಸಮೇತ ಕರೆದೊಯ್ದು, “ನಮ್ಮೂರ ಸಂತರನ್ನು ಬಲ್ಲಿರಾ?” ಎಂದು ಕೇಳಿದರು. ಪ್ರೊಟೆಸ್ಟೆಂಟ್ ಪಂಗಡದ ನಮಗೆ ಸಂತರ ಪರಿಚಯ ಅಷ್ಟಕ್ಕಷ್ಟೆ. ಬಲ್ಲೆವೆಂದು ಹೇಳಲಾಗಲಿಲ್ಲ.

ಆ ಸಂತರ ಹೆಸರು ಗೊನ್ಸಾಲೊ ಗಾರ್ಸಿಯಾ. ತಂದೆ ಪೋರ್ತುಗೀಸ್, ತಾಯಿ ಈ ನಾಡಿನವಳು. 1550ರ ದಶಕದಲ್ಲಿ ವಸಯಿಯಲ್ಲಿ ಹುಟ್ಟಿ, ಹದಿಹರೆಯದಲ್ಲೇ ಪಾದ್ರಿಗಳ ಜೊತೆ ಜಪಾನಿಗೆ ಹೋದವರು. ಅಲ್ಲಿನ ಭಾಷೆಯನ್ನು ಚೆನ್ನಾಗಿ ಕಲಿತರು. ಯೇಸುಸಭೆಯವರು ತಮ್ಮೊಳಗೆ ಸೇರಿಸಿಕೊಳ್ಳಲಿಲ್ಲವಾಗಿ ಕೆಲವು ಕಾಲ ವ್ಯಾಪಾರ ಮಾಡಿ, ಕೊನೆಗೆ ಮನಿಲಾದಲ್ಲಿ ಫ್ರಾನ್ಸಿಸ್ಕನ್ ಸಭೆಯ ಸಹೋದರರಾಗಿ, 1593ರಲ್ಲಿ ದುಭಾಷಿಯಾಗಿ ಮತ್ತೆ ಜಪಾನಿಗೆ ಬಂದರು. ಪರಭಾಷೆ ಕಲಿತು ಪರಊರಿನಲ್ಲಿ ಹೊಟ್ಟೆ ಹೊರೆದ ಮನುಷ್ಯ! ನಮ್ಮ ವಾಚಕರಿಗೆ ಅವರನ್ನು ನೆಂಟರೆಂದು ಭಾವಿಸುವುದಕ್ಕೆ ಇಷ್ಟೇ ಸಾಕು.

ಜಪಾನಿಗೆ ಕ್ರೈಸ್ತಧರ್ಮ ಹೋದದ್ದೂ ನಮ್ಮ ಕರಾವಳಿಯಿಂದಲೇ. ಇಂದು ಹಳೆಯ ಗೋವೆಯಲ್ಲಿ ಯಾರ ದೇಹವನ್ನಿಟ್ಟಿದ್ದಾರೋ ಆ ಫ್ರಾನ್ಸಿಸ್ ಝೇವಿಯರ್, ಗೋವೆಯಲ್ಲಿ ದೀಕ್ಷೆ ಪಡೆದಿದ್ದ ಅಂಜಿರೊ ಎಂಬ ಜಪಾನೀಯನನ್ನು ಜೊತೆಗೆ ಕರೆದುಕೊಂಡು, 1549ರ ಆಗಸ್ಟ್ 15ರಂದು ಕಾಗೋಶಿಮಾದಲ್ಲಿ ಇಳಿದರು. ಐವತ್ತು ಅರುವತ್ತು ವರ್ಷಗಳೊಳಗೆ ಅಲ್ಲಿನ ಕ್ರೈಸ್ತರ ಸಂಖ್ಯೆ ಸುಮಾರು ಮೂರು ಲಕ್ಷವಾಯಿತೆಂದು ಅಂದಾಜು. ಆಳುವವರಿಗೆ ಭಯ ಹುಟ್ಟಿತು. ಮೊದಲು ಪಾದ್ರಿ, ಹಿಂದಿನಿಂದ ಸಿಪಾಯಿ ಬರುತ್ತಾನೆಂಬ ಭಯ. ವಸಯಿಯ ಕೋಟೆಗೋಡೆಯ ದಪ್ಪವನ್ನು ಕಂಡವರು ಅದನ್ನು ಬರಿಯ ಹುಚ್ಚುಭಯವೆಂದು ತಳ್ಳಿಹಾಕಲಾರರು. ಆದರೆ ಆ ಭಯಕ್ಕೆ ತಲೆಕೊಟ್ಟವರು ಸಿಪಾಯಿಗಳಲ್ಲ. 1597ರ ಫೆಬ್ರುವರಿ 5ರಂದು, ಹಿದೆಯೋಶಿಯ ಅಪ್ಪಣೆಯಂತೆ, ನಾಗಸಾಕಿಯ ಒಂದು ಗುಡ್ಡದ ಮೇಲೆ ಇಪ್ಪತ್ತಾರು ಜನರನ್ನು ಶಿಲುಬೆಗೆ ಹಾಕಿದರು. ಚಳಿಗಾಲದಲ್ಲಿ ಕ್ಯೋತೋದಿಂದ ಅಷ್ಟು ದೂರ ನಡೆಸಿಕೊಂಡು ಬಂದಿದ್ದರು. ಅವರಲ್ಲಿ ಇಪ್ಪತ್ತು ಜನ ಜಪಾನೀಯರು. ಲೂದೊವಿಕೊ ಇಬರಾಕಿ ಎಂಬ ಹುಡುಗನಿಗೆ ಹನ್ನೆರಡೇ ವರ್ಷ. ಇಪ್ಪತ್ತಾರರಲ್ಲಿ ಒಬ್ಬರು ನಮ್ಮ ಗೊನ್ಸಾಲೊ. 1862ರಲ್ಲಿ ರೋಮಿನಲ್ಲಿ ಅವರೆಲ್ಲರನ್ನು ಸಂತರೆಂದು ಸಾರಿದರು. ವಸಯಿಯಲ್ಲಿ ಇಂದು ಅವರ ಹೆಸರಿನ ಕಾಲೇಜೂ ಇದೆ.

ಹುತಾತ್ಮರ ಕಥೆ ಎಲ್ಲ ಧರ್ಮಗಳಲ್ಲೂ ಉಂಟು. ಅದನ್ನು ಓದಿದಾಗ ಮೈ ಜುಮ್ಮೆನ್ನುವುದು, ಆಮೇಲೆ ನಮ್ಮಂಥ ಸಾಮಾನ್ಯರಿಗೆ ಅದು ನಿಲುಕದ ಮಾತೆಂದು ಪುಸ್ತಕ ಮುಚ್ಚುವುದು. ನಮ್ಮನ್ನು ಹಿಡಿದು ನಿಲ್ಲಿಸಿದ್ದು ಅದಲ್ಲ, ಅದರ ಮುಂದಿನ ಭಾಗ. ಗೆಳೆಯರ ಮಾತಿನಿಂದ ಕುತೂಹಲ ಹುಟ್ಟಿ, ಗ್ರಂಥಾಲಯದಲ್ಲಿ ಪುಸ್ತಕ ಹುಡುಕಿ, ಶನಿವಾರಗಳನ್ನೆಲ್ಲ ಅದಕ್ಕೇ ಕಳೆದೆವು. ಮನೆಯವರು ಸ್ವಲ್ಪ ಬೇಸರಪಟ್ಟುಕೊಂಡರು, ಆಮೇಲೆ ಅವರೇ, “ಮುಂದೇನಾಯಿತು?” ಎಂದು ಕೇಳತೊಡಗಿದರು.

1614ರಲ್ಲಿ ತೊಕುಗಾವಾ ದೊರೆಗಳು ಜಪಾನಿನಲ್ಲೆಲ್ಲ ಕ್ರೈಸ್ತಧರ್ಮವನ್ನು ನಿಷೇಧಿಸಿ ಪಾದ್ರಿಗಳನ್ನು ಹೊರಗಟ್ಟಿದರು. ಅಡಗಿ ಉಳಿದವರನ್ನು ಒಬ್ಬೊಬ್ಬರಾಗಿ ಹಿಡಿದು ಕೊಂದರು. ಕೊನೆಯ ಪಾದ್ರಿ ಕೊನಿಶಿ ಮಾನ್ಸಿಯೊ 1644ರಲ್ಲಿ ಮಡಿದಮೇಲೆ ಇಡೀ ದೇಶದಲ್ಲಿ ಒಬ್ಬ ಪಾದ್ರಿಯೂ ಇರಲಿಲ್ಲ. ಕ್ರೈಸ್ತರನ್ನು ಹಿಡಿದುಕೊಟ್ಟವರಿಗೆ ಇಷ್ಟು ಬೆಳ್ಳಿ ಬಹುಮಾನವೆಂದು ದಾರಿಗಳಲ್ಲಿ ಹಲಗೆ ನೆಟ್ಟರು. ಐದೈದು ಮನೆಗಳನ್ನು ಕಟ್ಟುಮಾಡಿ, ಒಂದು ಮನೆಯ ತಪ್ಪಿಗೆ ಐದೂ ಮನೆಗಳು ಹೊಣೆಯೆಂದರು. ಪ್ರತಿಯೊಬ್ಬನ ಹೆಸರೂ ಯಾವುದಾದರೊಂದು ಬೌದ್ಧ ದೇವಾಲಯದ ದಾಖಲೆ ಪುಸ್ತಕದಲ್ಲಿರಬೇಕು. ಇವೆಲ್ಲಕ್ಕಿಂತ ಕ್ರೂರವಾದದ್ದು ‘ಫುಮಿ-ಎ’ ಎಂಬುದು. ಯೇಸುವಿನದೋ ಮರಿಯಮ್ಮನದೋ ಚಿತ್ರವನ್ನು ನೆಲದಲ್ಲಿಟ್ಟು, ವರ್ಷಕ್ಕೊಮ್ಮೆ ಊರ ಜನರೆಲ್ಲ ಅದನ್ನು ತುಳಿದು ಹೋಗಬೇಕು. ಕಾಲು ಹಿಂಜರಿದವರು ಸಿಕ್ಕಿಬಿದ್ದರು. ನಾಗಸಾಕಿಯಲ್ಲಿ ಈ ಪದ್ಧತಿ ಇನ್ನೂರಕ್ಕೂ ಹೆಚ್ಚು ವರ್ಷ ನಡೆಯಿತು.

ನಾಗಸಾಕಿಗೆ ತಾಗಿದ ಉರಕಾಮಿ ಎಂಬ ಬಡ ರೈತರ ಹಳ್ಳಿಯವರು ಆಗ ಏನು ಮಾಡಿದರೆಂಬುದೇ ಸೋಜಿಗ. ದಂಗೆಯೇಳಲಿಲ್ಲ, ಓಡಿಹೋಗಲೂ ಇಲ್ಲ. ಕೆಲಸ ಹಂಚಿಕೊಂಡರು. ಊರಿಗೊಬ್ಬ ‘ಚೋಕಾತಾ’, ಕೇರಿಗೊಬ್ಬ ‘ಮಿಜುಕಾತಾ’, ಅವರ ಕೈಕೆಳಗೆ ‘ಕಿಕಿಯಾಕು’. ಮಿಜುಕಾತಾ ಎಂದರೆ ನೀರಿನವನು; ಹುಟ್ಟಿದ ಕೂಸಿಗೆ ದೀಕ್ಷಾಸ್ನಾನ ಕೊಡುವುದು ಅವನ ಕೆಲಸ. ಪಾದ್ರಿ ಸಿಗದ ಕಾಲದಲ್ಲಿ ಯಾರಾದರೂ ನೀರು ಹೊಯ್ದು ಆ ಮಾತುಗಳನ್ನು ಹೇಳಿದರೆ ದೀಕ್ಷೆ ಸಲ್ಲುತ್ತದೆಂಬ ನಿಯಮ ಸಭೆಯಲ್ಲಿ ಹಿಂದಿನಿಂದಲೂ ಉಂಟು. ಕಿಕಿಯಾಕು ಮನೆಮನೆಗೆ ಸುದ್ದಿ ಮುಟ್ಟಿಸುವವನು. ಇನ್ನು ಚೋಕಾತಾ ಎಂದರೇನು ಗೊತ್ತೆ? ಅಕ್ಷರಶಃ ಹೇಳುವುದಾದರೆ ‘ಲೆಕ್ಕದ ಪುಸ್ತಕದವನು’, ನಮ್ಮ ಗುಮಾಸ್ತರ ಕುಲದವನೇ! ಇದನ್ನು ಓದಿದ ದಿನ ನಮಗಾದ ಹಿಗ್ಗು ಅಷ್ಟಿಷ್ಟಲ್ಲ. ಅವನ ಹತ್ತಿರ ಒಂದು ಕ್ಯಾಲೆಂಡರ್ ಇರುತ್ತಿತ್ತು. 1634ನೆಯ ವರ್ಷದ ಹಬ್ಬಗಳನ್ನು ಜಪಾನಿನ ಚಾಂದ್ರಮಾನ ತಿಂಗಳುಗಳಿಗೆ ಹೊಂದಿಸಿ ಬರೆದದ್ದು. ಬಾಸ್ತಿಯನ್ ಎಂಬ ಉಪದೇಶಕನಿಂದ ಬಂದದ್ದೆಂದು ಅವರ ನಂಬಿಕೆ. ಚೋಕಾತಾ ಪ್ರತಿ ವರ್ಷವೂ ಅದರಿಂದ ಎಣಿಸಿ, ಈ ವರ್ಷ ಉಪವಾಸದ ಕಾಲ ಎಂದು, ಈಸ್ಟರ್ ಎಂದು, ಯಾವ ದಿನ ಹೊಲದ ಕೆಲಸ ಮಾಡಬಾರದು ಎಂದು ಗೊತ್ತುಮಾಡಿ ಹೇಳಿಕಳುಹಿಸುವನು. ಅದು ಕಿವಿಯಿಂದ ಕಿವಿಗೆ ಹೋಗುವುದು.

ಪ್ರಾರ್ಥನೆಗಳಿಗೆ ಅವರು ‘ಒರಾಶೊ’ ಎನ್ನುತ್ತಿದ್ದರು. ಲ್ಯಾಟಿನ್ ಶಬ್ದವೊಂದರ ಜಪಾನೀ ರೂಪ. ಬರೆದಿಟ್ಟರೆ ಅಪಾಯ, ಗಟ್ಟಿಯಾಗಿ ಹೇಳಿದರೂ ಅಪಾಯ. ಆದುದರಿಂದ ತಂದೆ ಮಗನ ಕಿವಿಯಲ್ಲಿ ಗುನುಗುನು ಎಂದು ಹೇಳಿಕೊಡುವನು. ತಲೆಮಾರು ಕಳೆದಂತೆ ಶಬ್ದಗಳು ಸವೆದು, ಅರ್ಥ ಹಾರಿಹೋಗಿ, ನಾದ ಮಾತ್ರ ಉಳಿದದ್ದೂ ಉಂಟು. ಇಕಿತ್ಸುಕಿ ಎಂಬ ದ್ವೀಪದಲ್ಲಿ ‘ಲೌದಾತೆ’ ಎಂಬ ಲ್ಯಾಟಿನ್ ಹಾಡು ‘ರಾವುದಾತೆ’ ಆಗಿದೆ. ಮರಿಯಮ್ಮನ ವಿಗ್ರಹ ಇಡುವಂತಿಲ್ಲವಾಗಿ, ಮಗುವನ್ನೆತ್ತಿಕೊಂಡ ಕಾನ್ನೊನ್ ದೇವಿಯ ಬೊಂಬೆಯ ಮುಂದೆ ಮಣಿಯುತ್ತಿದ್ದರು.

ಅವರೂ ಚಿತ್ರವನ್ನು ತುಳಿದರು. ಅದನ್ನು ಮುಚ್ಚಿಡುವುದೇಕೆ? ಪ್ರತಿ ವರ್ಷ ತುಳಿದರು. ತುಳಿದು ಮನೆಗೆ ಬಂದು, ಬಾಗಿಲು ಹಾಕಿಕೊಂಡು, ಪಶ್ಚಾತ್ತಾಪದ ಪ್ರಾರ್ಥನೆ ಹೇಳುತ್ತಿದ್ದರು. ಪಾಪನಿವೇದನೆ ಕೇಳಲು ಪಾದ್ರಿ ಇಲ್ಲದ ಪಕ್ಷದಲ್ಲಿ ಮನಃಪೂರ್ವಕವಾಗಿ ಮರುಗುವುದು ಹೇಗೆಂಬುದನ್ನು ಕಲಿಸುವ ‘ಕೊಂಚಿರಿಸಾನ್’ ಎಂಬ ಸಣ್ಣ ಪುಸ್ತಕವೊಂದು 1603ರಲ್ಲೇ ಬಂದಿತ್ತು. ಅದರ ಮಾತುಗಳು ಕೈಯಿಂದ ಕೈಗೆ, ಬಾಯಿಂದ ಬಾಯಿಗೆ ಉಳಿದುಬಂದವು. ಶಿಲುಬೆಯೇರಿದ ಇಪ್ಪತ್ತಾರು ಜನರ ಪಕ್ಕದಲ್ಲಿ ಇವರನ್ನು ಹೇಡಿಗಳೆನ್ನುವವರಿದ್ದಾರೆ. ನಾವು ಹಾಗೆನ್ನಲಾರೆವು. ದಾಖಲೆ ಪುಸ್ತಕ ಬರೆದು ಅನ್ನ ತಿನ್ನುವ ನಮಗೆ ಒಂದು ಮಾತು ಗೊತ್ತು. ಪುಸ್ತಕದಲ್ಲಿ ಇರುವುದು ಒಂದು, ಮನುಷ್ಯನೊಳಗೆ ಇರುವುದು ಇನ್ನೊಂದು. ದೇವಾಲಯದ ಪುಸ್ತಕದಲ್ಲಿ ಆ ಹಳ್ಳಿಯವರೆಲ್ಲ ಬೌದ್ಧರು. ಆ ಪುಸ್ತಕ ಬರೆದ ಗುಮಾಸ್ತನಿಗೆ ಸಂಶಯವೇ ಬರಲಿಲ್ಲವೋ, ಬಂದರೂ ಸುಮ್ಮನಿದ್ದನೋ ಎಂದು ಕೆಲವೊಮ್ಮೆ ಯೋಚಿಸುತ್ತೇವೆ.

ಅವರಿಗಿದ್ದ ಭರವಸೆಯಾದರೂ ಏನು? ಏಳು ತಲೆಮಾರು ಕಳೆದಮೇಲೆ ದೊಡ್ಡ ಕಪ್ಪು ಹಡಗುಗಳಲ್ಲಿ ಪಾಪನಿವೇದನೆ ಕೇಳುವ ಪಾದ್ರಿಗಳು ಬರುತ್ತಾರೆಂದು ಬಾಸ್ತಿಯನ್ ಹೇಳಿ ಸತ್ತನೆಂಬ ಐತಿಹ್ಯ. ಏಳು ತಲೆಮಾರು! ಹೇಳಿಸಿಕೊಂಡವನಿಗೂ ಅವನ ಮಗನಿಗೂ ಮೊಮ್ಮಗನಿಗೂ ಸಿಗದ ಭರವಸೆ. ನಮಗೆ ಮೂರು ತಿಂಗಳ ಲಾಕ್‌ಡೌನ್ ಹೊತ್ತಿಗೇ ದೇವರು ಕಿವುಡನೆನ್ನಿಸಿತ್ತು.

1850ರ ದಶಕದಲ್ಲಿ ಜಪಾನಿನ ಬಾಗಿಲು ಪರದೇಶದವರಿಗೆ ತೆರೆಯಿತು. ಪರದೇಶದವರು ತಮಗಾಗಿ ಚರ್ಚು ಕಟ್ಟಿಕೊಳ್ಳಬಹುದು. ಜಪಾನೀಯರಿಗೆ ಮಾತ್ರ ನಿಷೇಧ ಹಾಗೆಯೇ ಉಳಿಯಿತು. ಫ್ರೆಂಚ್ ಪಾದ್ರಿಗಳು ನಾಗಸಾಕಿಯ ಓವುರಾ ಎಂಬಲ್ಲಿ ಒಂದು ಚರ್ಚು ಕಟ್ಟಿ 1865ರ ಫೆಬ್ರುವರಿಯಲ್ಲಿ ಪ್ರತಿಷ್ಠೆ ಮಾಡಿದರು. ಆ ಚರ್ಚಿಗೆ ಇಟ್ಟದ್ದು ಆ ಇಪ್ಪತ್ತಾರು ಹುತಾತ್ಮರ ಹೆಸರನ್ನೇ, ಎಂದರೆ ನಮ್ಮ ವಸಯಿಯ ಗೊನ್ಸಾಲೊ ಕೂಡ ಅದರಲ್ಲಿ ಪಾಲುಗಾರ. ಮಾರ್ಚ್ 17ರಂದು ಮಧ್ಯಾಹ್ನ ಸುಮಾರು ಹದಿನೈದು ಜನ ಹಳ್ಳಿಯವರು ಬಾಗಿಲ ಹತ್ತಿರ ನಿಂತಿದ್ದರು. ಪಾದ್ರಿ ಪೆತಿಜಾನ್ ಬಾಗಿಲು ತೆರೆದು ಒಳಗೆ ಬಿಟ್ಟು, ತಾವು ಪೀಠದ ಮುಂದೆ ಮೊಣಕಾಲೂರಿದರು. ಅವರಲ್ಲಿ ನಡುವಯಸ್ಸು ಮೀರಿದ ಒಬ್ಬ ಹೆಂಗಸು ಹತ್ತಿರ ಬಂದು, ನಮ್ಮೆಲ್ಲರ ಹೃದಯವೂ ನಿಮ್ಮ ಹೃದಯವೂ ಒಂದೇ ಎಂಬರ್ಥದ ಮಾತನ್ನು ಪಿಸುಗುಟ್ಟಿ, ಮರಿಯಮ್ಮನ ವಿಗ್ರಹ ಎಲ್ಲಿ ಎಂದು ಕೇಳಿದಳು. ತಾವು ಉರಕಾಮಿಯವರು, ಅಲ್ಲಿ ಬಹುಮಟ್ಟಿಗೆ ಎಲ್ಲರೂ ಹೀಗೆಯೇ ಎಂದು ತಿಳಿಸಿದರು. ಆ ಪಾದ್ರಿಗೆ ಹೇಗಾಗಿರಬೇಡ!

ಮರಿಯಮ್ಮನ ವಿಗ್ರಹವನ್ನು ನೋಡುತ್ತ ನಿಂತು, ಹಬ್ಬಗಳ ಮಾತು ಬಂದಾಗ, ಅವರು ಇನ್ನೊಂದು ಮಾತು ಹೇಳಿದರೆಂದು ಪೆತಿಜಾನ್ ಬರೆದಿಟ್ಟಿದ್ದಾರೆ. ಈಗ ದುಃಖಕಾಲ ನಡೆಯುತ್ತಿದೆ, ಇಂದು ಅದರ ಹದಿನೇಳನೆಯ ದಿನ, ನೀವೂ ಅದನ್ನು ಆಚರಿಸುತ್ತೀರಾ ಎಂದು. ದುಃಖಕಾಲವೆಂದರೆ ಬೂದಿ ಬುಧವಾರದಿಂದ ಆರಂಭವಾಗುವ ಆ ತಪಸ್ಸಿನ ಕಾಲವೇ.

ಇದನ್ನು ಓದಿದ ರಾತ್ರಿ ಊಟ ಮುಗಿಸಿ, ತಂದೆಯವರ ನೀಲಿ ಪೆನ್ಸಿಲು ಹಿಡಿದು ಕುಳಿತೆವು. 1865ರ ಈಸ್ಟರ್ ಏಪ್ರಿಲ್ 16. ಅಲ್ಲಿಂದ ಹಿಂದಕ್ಕೆ 46 ದಿನ: ಏಪ್ರಿಲಿನಲ್ಲಿ ಹದಿನಾರು ಕಳೆದರೆ ಮಾರ್ಚ್ 31, ಇನ್ನು ಮೂವತ್ತು ಕಳೆದರೆ ಮಾರ್ಚ್ 1. ಮಾರ್ಚ್ 1 ಮೊದಲ ದಿನವಾದರೆ ಮಾರ್ಚ್ 17 ಎಷ್ಟನೆಯದು? ಹದಿನೇಳನೆಯದು! ಒಂದು ದಿನವೂ ತಪ್ಪಿಲ್ಲ. ಇನ್ನೂರ ಇಪ್ಪತ್ತು ವರ್ಷ ಪಾದ್ರಿಯಿಲ್ಲದೆ, ಚರ್ಚಿಲ್ಲದೆ, ಅಚ್ಚಿನ ಪುಸ್ತಕವಿಲ್ಲದೆ, ಕದ್ದು ಮುಚ್ಚಿ ಒಬ್ಬರ ಕಿವಿಯಲ್ಲೊಬ್ಬರು ಹೇಳಿಕೊಂಡು ಬಂದ ಲೆಕ್ಕ ರೋಮಿನ ಲೆಕ್ಕಕ್ಕೆ ಸರಿಯಾಗಿ ತಾಳೆಯಾಗಿತ್ತು. ನಾವು ಬಿ.ಎ. ಓದಿ, ಗೋಡೆಯ ಮೇಲೆ ಹುಣ್ಣಿಮೆಯ ಗುರುತಿರುವ ಕ್ಯಾಲೆಂಡರನ್ನೇ ಮುಂದಿಟ್ಟುಕೊಂಡು, ಮೊದಲ ವರ್ಷವೇ ಒಂದು ವಾರ ತಪ್ಪಿದ್ದೆವು. ಆ ರಾತ್ರಿ ಬಹಳ ಹೊತ್ತು ನಿದ್ದೆ ಹತ್ತಲಿಲ್ಲ.

ಕಥೆ ಅಲ್ಲಿಗೆ ಸುಖವಾಗಿ ಮುಗಿದಿದ್ದರೆ ಚೆನ್ನಾಗಿತ್ತು. ಹಾಗಾಗಲಿಲ್ಲ. ಪಾದ್ರಿಗಳನ್ನು ಕಂಡ ಧೈರ್ಯದಿಂದ ಉರಕಾಮಿಯವರು ತಮ್ಮ ಸತ್ತವರಿಗೆ ದೇವಾಲಯದ ಕ್ರಮ ಬೇಡವೆಂದರು. 1867ರ ಜುಲೈಯಲ್ಲಿ ಹಿಡಿಯಲಾರಂಭಿಸಿದರು. ಮರುವರ್ಷ ರಾಜ್ಯಭಾರ ಬದಲಾಯಿತು, ನೀತಿ ಬದಲಾಗಲಿಲ್ಲ. ಊರಿಗೆ ಊರನ್ನೇ, 3,300ಕ್ಕೂ ಹೆಚ್ಚು ಜನರನ್ನು, ತುಂಡು ತುಂಡು ಮಾಡಿ ದೂರದ ಸೀಮೆಗಳಿಗೆ ಗಡೀಪಾರು ಮಾಡಿದರು. ತ್ಸುವಾನೋ ಎಂಬಲ್ಲಿ ಮೂರಡಿಯ ಪಂಜರದೊಳಗೆ ಮನುಷ್ಯರನ್ನು ಕೂಡಿದರು. 600ಕ್ಕೂ ಹೆಚ್ಚು ಜನ ಅಲ್ಲಲ್ಲೇ ಸತ್ತರು. ಪಾಶ್ಚಾತ್ಯ ದೇಶಗಳ ಒತ್ತಾಯ ಬಲವಾದಮೇಲೆ 1873ರಲ್ಲಿ ನಿಷೇಧದ ಹಲಗೆಗಳನ್ನು ಕಿತ್ತರು. ಉಳಿದವರು ಮರಳಿ ಬಂದರು. ಆ ವರ್ಷಗಳ ಯಾತನೆಗೆ ಅವರಿಟ್ಟ ಹೆಸರು ‘ತಾಬಿ’, ಎಂದರೆ ಪ್ರಯಾಣ. ಅಷ್ಟೇ. ನಮ್ಮಲ್ಲಿ ಮುಂಬಯಿಗೆ ಬಂದು ನಲವತ್ತು ವರ್ಷ ಕಳೆದವರೂ ಊರವರು ಕೇಳಿದರೆ, “ಹೀಗೇ ಕೆಲಸಕ್ಕೆಂದು ಹೋಗಿದ್ದೇವೆ” ಎನ್ನುವುದಿಲ್ಲವೆ, ಹಾಗೆ.

ಬಂದವರು ಬಡವರು. ಆದರೂ ದುಡ್ಡು ಕೂಡಿಸಿ ಒಂದು ಜಾಗವನ್ನು ಕೊಂಡರು. ಯಾವ ಜಾಗ? ಊರ ಪಟೇಲನ ಮನೆಯಿದ್ದ ಜಾಗ, ಎಲ್ಲಿ ಅವರ ತಂದೆ ತಾತಂದಿರೆಲ್ಲ ವರ್ಷವರ್ಷವೂ ಆ ಚಿತ್ರವನ್ನು ತುಳಿದಿದ್ದರೋ ಅಲ್ಲಿ. 1895ರಲ್ಲಿ ಅಲ್ಲಿ ಚರ್ಚಿನ ಕೆಲಸ ಆರಂಭಿಸಿ 1914ರಲ್ಲಿ ಮುಗಿಸಿದರು. ಎರಡು ಗೋಪುರಗಳೆದ್ದು ಗಂಟೆಗಳು ಏರಿದ್ದು 1925ರಲ್ಲಿ.

1945ರ ಆಗಸ್ಟ್ 9ರ ಬೆಳಗ್ಗೆ 11 ಗಂಟೆ 2 ನಿಮಿಷಕ್ಕೆ ಆ ಚರ್ಚಿನಿಂದ ಸುಮಾರು ಐನೂರು ಮೀಟರಿನಾಚೆ ಆಕಾಶದಲ್ಲಿ ಅಣುಬಾಂಬು ಸಿಡಿಯಿತು. ಆಗಸ್ಟ್ 15ರ ಮರಿಯಮ್ಮನ ಹಬ್ಬಕ್ಕಾಗಿ ಪಾಪನಿವೇದನೆಗೆ ಬಂದವರು ಒಳಗಿದ್ದರು, ಯಾರೂ ಉಳಿಯಲಿಲ್ಲ. ಉರಕಾಮಿಯ ಸುಮಾರು 12,000 ಕ್ರೈಸ್ತರಲ್ಲಿ 8,500ರಷ್ಟು ಜನ ಸತ್ತರು. ಇನ್ನೂರೈವತ್ತು ವರ್ಷ ದೊರೆಗಳ ಕೈಯಿಂದಾಗದ್ದನ್ನು ಕ್ರೈಸ್ತರೇ ಹೆಚ್ಚಾಗಿರುವ ದೇಶದ ಒಂದು ವಿಮಾನ ಕ್ಷಣಮಾತ್ರದಲ್ಲಿ ಮಾಡಿತು. ಇದಕ್ಕೆ ಯಾವ ಪ್ರಸಂಗಿಯಾದರೂ ಅರ್ಥ ಹೇಳಿದರೆ ನಮಗೆ ಕೇಳಲು ಮನಸ್ಸಿಲ್ಲ.

ಅರ್ಥ ಹೇಳಲು ಯತ್ನಿಸಿದವರೊಬ್ಬರಿದ್ದರು, ಡಾಕ್ಟರ್ ನಾಗಾಯಿ ತಾಕಾಶಿ. ಕ್ಷಕಿರಣದ ವೈದ್ಯರು, ಆ ಕೆಲಸದಿಂದಲೇ ರಕ್ತದ ಕ್ಯಾನ್ಸರ್ ಬಂದು ಬಾಂಬಿಗೆ ಮೊದಲೇ ದಿನ ಎಣಿಸುತ್ತಿದ್ದವರು. ಅವರ ಪತ್ನಿ ಮಿದೋರಿ ಉರಕಾಮಿಯ ಚೋಕಾತಾ ಮನೆತನದವಳು, ಆ ಕ್ಯಾಲೆಂಡರ್ ಕಾದವರ ವಂಶದವಳು. ಮನೆಯ ಬೂದಿಯಲ್ಲಿ ಡಾಕ್ಟರರಿಗೆ ಸಿಕ್ಕಿದ್ದು ಅವಳ ಕೆಲವು ಎಲುಬುಗಳು ಮತ್ತು ಕರಗಿದ ಜಪಸರ. ಆ ನವೆಂಬರಿನಲ್ಲಿ ಸತ್ತವರಿಗಾಗಿ ನಡೆದ ಪೂಜೆಯಲ್ಲಿ ಅವರು, ಉರಕಾಮಿಯು ಯುದ್ಧದ ಪಾಪಕ್ಕಾಗಿ ದೇವರು ಆರಿಸಿಕೊಂಡ ಬಲಿ ಎಂಬರ್ಥದ ಮಾತಾಡಿದರು. ಜಪಾನಿನಲ್ಲೇ ಎಷ್ಟೋ ಜನ ಅದನ್ನು ಒಪ್ಪಲಿಲ್ಲ. ನಮಗೂ ಒಪ್ಪಿಗೆಯಾಗದು, ಮನುಷ್ಯರು ಹಾಕಿದ ಬಾಂಬನ್ನು ದೇವರ ಲೆಕ್ಕಕ್ಕೆ ಬರೆಯುವುದು ತಪ್ಪು ನಮೂದು ಎಂದೇ ತೋರುತ್ತದೆ. ಆದರೆ ಹೆಂಡತಿಯ ಎಲುಬು ಆಯ್ದ ಕೈಯಿಂದ ಬಂದ ಮಾತನ್ನು ಹೀಗಳೆಯಲೂ ಆಗುವುದಿಲ್ಲ. ಒಂದು ಪುಟ್ಟ ಗುಡಿಸಲಿನಲ್ಲಿ ಹಾಸಿಗೆ ಹಿಡಿದು ಮಲಗಿ, ಇಬ್ಬರು ಮಕ್ಕಳನ್ನು ಸಾಕುತ್ತ, ಪುಸ್ತಕಗಳನ್ನು ಬರೆಯುತ್ತ, 1951ರ ಮೇ 1ರಂದು ಅವರು ತೀರಿಕೊಂಡರು. ‘ನಾಗಸಾಕಿಯ ಗಂಟೆ’ ಎಂಬುದು ಅವರ ಪುಸ್ತಕಗಳಲ್ಲಿ ಹೆಸರಾದದ್ದು.

ಆ ಗಂಟೆಯ ವಿಷಯ ಹೀಗೆ. ಗೋಪುರದ ಎರಡು ಗಂಟೆಗಳಲ್ಲಿ ಒಂದು ಒಡೆದುಹೋಯಿತು. ಇನ್ನೊಂದು ಕಲ್ಲುಮಣ್ಣಿನ ಕೆಳಗೆ ಒಡೆಯದೆ ಉಳಿದಿತ್ತು. ಬದುಕಿದವರು ಅದನ್ನು ಅಗೆದು ತೆಗೆದು, ಮರದ ತೊಲೆಗಳನ್ನು ನಿಲ್ಲಿಸಿ ತೂಗಹಾಕಿ, 1945ರ ಕ್ರಿಸ್ಮಸ್ ಸಂಜೆ ಬಾರಿಸಿದರು. ಚರ್ಚನ್ನು 1959ರಲ್ಲಿ ಮತ್ತೆ ಕಟ್ಟಿದರು. ಎರಡನೆಯ ಗೋಪುರ ಮಾತ್ರ ಗಂಟೆಯಿಲ್ಲದೆ ಎಷ್ಟೋ ಕಾಲ ಖಾಲಿಯಿತ್ತು. ಅಮೆರಿಕದ ಕ್ರೈಸ್ತರು ಹಣ ಕೂಡಿಸಿ ಹೊಸ ಗಂಟೆಯೊಂದನ್ನು ಎರಕಹೊಯ್ಯಿಸಿ ಕಳುಹಿಸಿದರು. ಎಂಬತ್ತು ವರ್ಷ ತುಂಬಿದ ದಿನ, 2025ರ ಆಗಸ್ಟ್ 9ರಂದು, 11 ಗಂಟೆ 2 ನಿಮಿಷಕ್ಕೆ ಎರಡು ಗಂಟೆಗಳೂ ಜೊತೆಯಾಗಿ ಬಾರಿಸಿದವು. ನಾವು ಅದನ್ನು ಕಚೇರಿಯ ಊಟದ ಬಿಡುವಿನಲ್ಲಿ ಫೋನಿನಲ್ಲಿ ಕೇಳಿದೆವು. ವಸಯಿಯ ಗೆಳೆಯರೂ ಪಕ್ಕದಲ್ಲಿದ್ದರು. ಇಬ್ಬರೂ ಡಬ್ಬಿ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆವು.

ಮಹಾರಾಷ್ಟ್ರದಲ್ಲಿ ದೇವಸ್ಥಾನ, ಮಸೀದಿ, ಚರ್ಚುಗಳ ಬಾಗಿಲು 2020ರ ನವೆಂಬರ್ 16ಕ್ಕೆ ತೆರೆದು, ಮರುವರ್ಷ ಮತ್ತೆ ಮುಚ್ಚಿ, ಅಕ್ಟೋಬರಿನಲ್ಲಿ ಪುನಃ ತೆರೆದವು. ನಾವೀಗ ತಿಂಗಳಿಗೆ ಎರಡು ಸಲವಾದರೂ ಎರಡು ರೈಲು ಬದಲಾಯಿಸಿ ಕನ್ನಡ ಸಭೆಗೆ ಹೋಗುತ್ತೇವೆ. ಪ್ರತಿ ಭಾನುವಾರವೂ ಎಂದು ಬರೆಯಬಹುದಿತ್ತು. ಅಮ್ಮ ಈ ಪತ್ರಿಕೆಯನ್ನು ಓದಿಸಿಕೊಳ್ಳುತ್ತಾರೆ. ಹೋಗಲಾಗದ ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ಮನೆಯಲ್ಲೇ ಕೂಡುತ್ತೇವೆ. ಸಮಾಧಿಯ ಕ್ರಮವನ್ನು ಅಮ್ಮನಿಂದ ಹೇಳಿಸಿಕೊಂಡು ನೋಟುಪುಸ್ತಕದಲ್ಲಿ ಬರೆದುಕೊಂಡಾಯಿತು. ಬಾಯಿಗೆ ಇನ್ನೂ ಪೂರ್ತಿ ಬಂದಿಲ್ಲ.

2025ರ ಡಿಸೆಂಬರಿನಲ್ಲಿ ಕ್ಯಾಲೆಂಡರ್ ಬಂದಾಗ ನಮ್ಮ ಹನ್ನೊಂದು ವರ್ಷದ ಮಗ, “ಪಪ್ಪಾ, ಈ ಸಲ ನಾನು” ಎಂದು ನೀಲಿ ಪೆನ್ಸಿಲು ಕಸಿದುಕೊಂಡ. ಹೋಳಿ ಹುಣ್ಣಿಮೆ ಹುಡುಕಿ ಮಾರ್ಚ್ 3ರ ಮೇಲೆ ಬೆರಳಿಟ್ಟ. ಸ್ವಲ್ಪ ಯೋಚಿಸಿ, “ಇದು 21ಕ್ಕಿಂತ ಮುಂಚೆ ಬಂತಲ್ಲ, ಅಜ್ಜಿ, ಇದು ನಡೆಯೋದಿಲ್ಲ” ಎಂದು ಹಾಳೆ ಮಗುಚಿದ. ಮುಂದಿನ ಹುಣ್ಣಿಮೆ ಏಪ್ರಿಲ್ 2, ಗುರುವಾರ. ಏಪ್ರಿಲ್ 5ರ ಮನೆಯಲ್ಲಿ ನಾಲಗೆ ಕಚ್ಚಿಕೊಂಡು ಬರೆದ. ಈಸ್ಟರ್ ಎಂಬುದರ ರಕಾರವನ್ನು ಎಲ್ಲಿ ಕೂಡಿಸಬೇಕೆಂದು ತಿಳಿಯದೆ ಎರಡು ಸಲ ಅಳಿಸಿದ. ಅಮ್ಮ ಕ್ಯಾಲೆಂಡರನ್ನು ಕಿಟಕಿಯ ಬೆಳಕಿಗೆ ಒಯ್ದು, ಕಣ್ಣಿಗೆ ಹತ್ತಿರ ಹಿಡಿದು ಬಹಳ ಹೊತ್ತು ನೋಡಿ, ಜೂನ್ ಹಾಳೆಯನ್ನು ತೆಗೆಯಲು ಹೇಳಿದರು. ಅಲ್ಲಿ ಇನ್ನೊಂದು ದಿನ ಬರೆಯುವುದಿತ್ತು.